ಡ್ರೈವರ್ ಕಮಿಷನ್ ಕೊಡದೆ ಹೋಂಸ್ಟೇ ನಡೆಸೋಕಾಗತ್ತಾ?

ಮೂರು ರೂಮಿನ ಮನೆ
ಎಲ್ರಿಗೂ ನಮಸ್ಕಾರ. ಕೊಡಗಲ್ಲಿ ತಡಿಯಂಡಮೋಳ್ ಬೆಟ್ಟದ ಕಡೆ ನಮ್ದು ಮೂರೇ ರೂಮಿನ ಹೋಂಸ್ಟೇ, ಅದೇ ಮನೇಲಿ ನಾವೂ ಇರ್ತೀವಿ, ಟೂರಿಸಂ ಇಲಾಖೆ ರಿಜಿಸ್ಟ್ರೇಷನ್ನೂ ಆಗಿದೆ. ಮೊನ್ನೆ ಶನಿವಾರ ಒಂದು ಟಿಟಿ (ಟೆಂಪೋ ಟ್ರಾವೆಲರ್) ಬಂತು, ಗೆಸ್ಟ್ ಇನ್ನೂ ಲಗೇಜ್ ಇಳಿಸ್ತಾ ಇದ್ರು, ಡ್ರೈವರ್ ನಮ್ಮ ಯಜಮಾನ್ರನ್ನ ಪಕ್ಕಕ್ಕೆ ಕರೆದು "ನಂದೇನು ಸರ್" ಅಂದ. ಅವ್ರು ಆಪಲ್ಲಿ ತಾವೇ ಬುಕ್ ಮಾಡ್ಕೊಂಡು ಬಂದಿದ್ದು, ಇವನೇನು ಹುಡುಕಿ ತಂದಿದ್ದಲ್ಲ. ಕೊಡಲ್ಲ ಅಂದ್ವಿ. ಬೆಳಿಗ್ಗೆ ಗೆಸ್ಟ್ ಹತ್ರ "ಈ ಮನೆ ಸರಿ ಇಲ್ಲ, ಮುಂದಿನ್ಸಲ ನಾನು ಒಳ್ಳೇದು ಕೊಡಿಸ್ತೀನಿ" ಅಂದಿದಾನೆ, ಅವ್ರಲ್ಲೇ ಒಬ್ಳು ಹುಡುಗಿ ಬಂದು ಹೇಳಿದ್ಲು.

ಆಪ್‌ನವ್ರ ಕಮಿಷನ್ ಆಗ್ಲೇ ಕಟ್ ಆಗಿರತ್ತೆ, ಇವ್ರಿಗೂ ಕೊಡ್ಬೇಕು ಅಂದ್ರೆ ರೂಮ್ ರೇಟಿಗೇ ಸೇರಿಸ್ಬೇಕು, ಪಾಪ ಗೆಸ್ಟ್ ತಮಗೇ ಗೊತ್ತಿಲ್ದೆ ಕಟ್ತಾರೆ, ಅದು ಯಾಕೋ ಮನಸ್ಸಿಗೆ ಒಪ್ತಾ ಇಲ್ಲ. ಆದ್ರೆ ಬೆಂಗಳೂರಲ್ಲಿ ಕೂತ್ಕೊಂಡು ಇಲ್ಲಿ "ಹೋಂಸ್ಟೇ" ನಡೆಸೋರು ಕೇಳಿದಷ್ಟು ಕೊಡ್ತಾರೆ. ನೀವೆಲ್ಲ ಏನ್ ಮಾಡ್ತೀರಾ?

ಸಕಲೇಶಪುರದವ
ಕೊಡ್ಲೇಬೇಡಿ ಮೇಡಂ. ನಾನು ಮೊದಲ ವರ್ಷ ಕೊಟ್ಟೆ, ಎರಡನೇ ವರ್ಷ ರೇಟ್ ಅವ್ರೇ ಫಿಕ್ಸ್ ಮಾಡೋಕೆ ಶುರು ಮಾಡಿದ್ರು.

ಟಿಟಿ ಸ್ಟೇರಿಂಗ್
ಅಕ್ಕ, ಆ ಡ್ರೈವರ್ ಮಾಡಿದ್ದು ತಪ್ಪೇ, ಮನೆ ಬಗ್ಗೆ ಸುಳ್ಳು ಹೇಳ್ಬಾರ್ದಿತ್ತು. ಆದ್ರೆ ನಮ್ಮ ಕಡೆದೂ ಕೇಳಿ. ನಾನು ಮೈಸೂರಿಂದ ಟಿಟಿ ಓಡಿಸ್ತೀನಿ. ನಮ್ಮ ಓನರ್ ಕೊಡೋ ದಿನದ ಭತ್ಯೆ, ಅದೇ ಬಾಟಾದಲ್ಲಿ ಊಟ ತಿಂಡಿ ಆದ್ರೆ ಹೆಚ್ಚು, ಟ್ರಾವೆಲ್ಸ್‌ನವ್ರು ಪ್ಯಾಕೇಜ್ ರೇಟ್ ಕಮ್ಮಿ ಹೇಳಿ ಟ್ರಿಪ್ ಹಿಡೀತಾರೆ, ಮಿಕ್ಕಿದ್ದು ಸ್ಪೈಸಸ್ ಅಂಗಡೀಲಿ ಕಮಿಷನ್ ತಗೊಂಡು ಮಾಡ್ಕೋ ಅಂತಾರೆ, ನೇರವಾಗೇ ಹೇಳ್ತಾರೆ. ಅದಕ್ಕೇ ಕುಶಾಲನಗರ ದಾಟಿದ್ ಮೇಲೆ ಗಾಡಿ ತಾನಾಗೇ ಅಂಗಡಿ ಮುಂದೆ ನಿಲ್ಲೋದು.

ಇನ್ನು ಮಲಗೋದು. ಡಿಸೆಂಬರ್ ಚಳೀಲಿ ಗಾಡಿಯೊಳಗೇ ಸೀಟ್ ಮೇಲೆ ಕಾಲು ಮಡಚ್ಕೊಂಡು, ಗೆಸ್ಟು ರಾತ್ರಿ ಒಂದರವರೆಗೆ ಕ್ಯಾಂಪ್‌ಫೈರ್ ಹಾಕಿ ಡ್ಯಾನ್ಸ್ ಮಾಡ್ತಾರೆ, ಬೆಳಿಗ್ಗೆ ಸನ್‌ರೈಸ್ ನೋಡ್ಬೇಕು ನಡಿ ಅಂತ ಎಬ್ಬಿಸ್ತಾರೆ, ನಿದ್ದೆಗಣ್ಣಲ್ಲಿ ಆ ತಿರುವುಗಳಲ್ಲಿ ಓಡಿಸೋನು ನಾನು. ಬಾತ್‌ರೂಮ್ ಕೇಳಿದ್ರೆ ತೋಟ ತೋರಿಸಿದ ಹೋಂಸ್ಟೇನೂ ಇದೆ. ಒಂದು ಹಾಸಿಗೆ, ಬಿಸಿನೀರು, ಗೆಸ್ಟಿಗೆ ಮಾಡಿದ ಊಟದಲ್ಲೇ ಒಂದು ತಟ್ಟೆ ಕೊಡೋ ಮನೇಲಿ ನಾನು ಯಾವತ್ತೂ ದುಡ್ಡು ಕೇಳಿಲ್ಲ, ಅಂಥ ಮನೆಗೆ ನಾನಾಗೇ ಗೆಸ್ಟ್ ಕಳಿಸಿದೀನಿ.

ವೀಕೆಂಡ್ ಗೆಸ್ಟ್
ಡ್ರೈವರ್ ಅಣ್ಣ ಹೇಳಿದ್ದು ಓದಿ ನಾಚಿಕೆ ಆಯ್ತು, ನಾವೂ ಒಂದಿನಾನೂ ಕೇಳಿಲ್ಲ ಅವ್ರು ಎಲ್ಲಿ ಮಲಗ್ತಾರೆ ಅಂತ. ಗೆಸ್ಟ್ ಕಡೆಯಿಂದ ಒಂದು ಮಾತು: ರೇಟ್ ಜಾಸ್ತಿ ಆದ್ರೂ ಪರವಾಗಿಲ್ಲ, ಮೊದಲೇ ಪೂರ್ತಿ ಹೇಳಿ. ಹೋದ್ಸಲ ನಾವಿದ್ದ ಕಡೆ ಬುಕ್ ಮಾಡುವಾಗ ಒಂದು ರೇಟು, ಹೊರಡುವಾಗ ಕ್ಯಾಂಪ್‌ಫೈರ್ ಬೇರೆ, ಬಿಸಿನೀರಿನ ಸೌದೆ ಬೇರೆ (ಸೌದೆಗೂ!), ಮೇಲೆ ಜಿಎಸ್‌ಟಿ. ನಂಬರ್ ಕೇಳಿದ್ರೆ ಇಲ್ಲ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರೋ ಸಣ್ಣವ್ರು ರಿಜಿಸ್ಟರ್ ಮಾಡಿಸೋದೇ ಬೇಕಿಲ್ಲ, ಆದ್ರೆ ನಂಬರ್ ಇಲ್ದೆ ಜಿಎಸ್‌ಟಿ ಅಂತ ವಸೂಲಿ ಮಾಡೋ ಹಾಗೂ ಇಲ್ಲ. ಆಪ್‌ಗಳೂ ಏನ್ ಕಮ್ಮಿ ಇಲ್ಲ, ಕೊನೇ ಪೇಜಲ್ಲಿ ಚಾರ್ಜ್ ಸೇರಿಸೋದು, "ಇನ್ನೊಂದೇ ರೂಮ್ ಬಾಕಿ" ಅಂತ ಸುಳ್ಳೇ ಹೆದರಿಸೋದು, ಇದನ್ನೆಲ್ಲ ಕೇಂದ್ರದವ್ರು 2023ರ ನವೆಂಬರಲ್ಲೇ ಡಾರ್ಕ್ ಪ್ಯಾಟರ್ನ್ ಅಂತ ಪಟ್ಟಿ ಮಾಡಿ ನಿಷೇಧ ಮಾಡಿದಾರೆ. ಮೋಸ ಆದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು.

ಸ್ಪೈಸಸ್ ಅಂಗಡಿ ಬಗ್ಗೆ ಇನ್ನೊಂದು. "ಪ್ಯೂರ್ ಕೂರ್ಗ್ ಕಾಫಿ" ಪ್ಯಾಕೆಟ್ ತಿರುಗಿಸಿ ಓದಿ, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಸಣ್ಣ ಅಕ್ಷರದಲ್ಲಿ ಇರತ್ತೆ. 49ರವರೆಗೂ ಹಾಕೋಕೆ ಅವಕಾಶ ಇದೆ.

ಮೂರು ರೂಮಿನ ಮನೆ
ನಿಜ ಹೇಳ್ಬೇಕಂದ್ರೆ ಆವತ್ತು ಆ ಡ್ರೈವರ್ ಎಲ್ಲಿ ಮಲಗಿದ್ದ ಅಂತ ನಂಗೂ ಗೊತ್ತಿಲ್ಲ. ಊಟ ಕೊಟ್ಟಿದ್ವಿ, ಅಷ್ಟೇ. ತೋಟದ ಕೆಲಸದವ್ರಿಗೆ ಕಟ್ಸಿದ್ದ ಹಳೇ ಲೈನ್ ಮನೇಲಿ ಒಂದು ರೂಮಲ್ಲಿ ಯಾರೂ ಇಲ್ಲ, ಈಗ ಗೊಬ್ಬರದ ಚೀಲ ತುಂಬಿದೀವಿ. ಅದನ್ನ ತೆರವು ಮಾಡಿ ಎರಡು ಮಂಚ ಹಾಕ್ಸಿ ಬುಕಿಂಗ್ ಮೆಸೇಜಲ್ಲೇ "ಡ್ರೈವರ್‌ಗೆ ರೂಮು, ಊಟ ಫ್ರೀ, ಕಮಿಷನ್ ಕೊಡಲ್ಲ, ಬೇರೆ ಯಾವ ಚಾರ್ಜೂ ಇಲ್ಲ" ಅಂತ ಬರೆದ್ರೆ ಹೇಗೆ?

ಟಿಟಿ ಸ್ಟೇರಿಂಗ್
ಬರೀರಿ ಅಕ್ಕ. ಗೊಬ್ಬರದ ವಾಸನೆ ಹೋಗೋ ಹಾಗೆ ಸುಣ್ಣ ಹೊಡೆಸಿ, ಫೋನ್ ಚಾರ್ಜಿಗೆ ಒಂದು ಪ್ಲಗ್ ಪಾಯಿಂಟ್ ಇರ್ಲಿ. ಆಮೇಲೆ ಗೇಟಿಂದ ಅಲ್ಲಿವರೆಗೆ ಲೈಟ್ ಹಾಕ್ಸಿ, ನಿಮ್ಮ ಕಡೆ ಆನೆ ಬರತ್ತೆ.