ಮರಿಕಪ್ಪೆಗಳನ್ನು ದೊಡ್ಡವುಗಳ ಜೊತೆ ಬಿಡಬಹುದಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಡಾಕ್ಟರ್ (ಪಶುವೈದ್ಯೆ): ಎಲ್ಲರಿಗೂ ನಮಸ್ಕಾರ. ನೀರಲ್ಲೇ ಬದುಕುವ ಸಾಕುಕಪ್ಪೆಗಳ ಬಗ್ಗೆ ಇವತ್ತು ಕೇಳಿ. ನಿಮ್ಮದು ಡ್ವಾರ್ಫ್ ಕಪ್ಪೆಯೋ (ಪುಟ್ಟ ಜಾತಿ) ಕ್ಲಾಡ್ ಕಪ್ಪೆಯೋ (ದೊಡ್ಡದಾಗಿ ಬೆಳೆಯುವ ಜಾತಿ) ಮೊದಲೇ ಬರೆಯಿರಿ. ನೀರು ಎಷ್ಟು ಡಿಗ್ರಿ ಇದೆ, ಟ್ಯಾಂಕಿನಲ್ಲಿ ಯಾರ್ಯಾರು ಇದ್ದಾರೆ, ಅದನ್ನೂ ಹೇಳಿ.

ಪಾಚಿಮನೆ: ಡ್ವಾರ್ಫ್ ಜೋಡಿ ರಾತ್ರಿ ಮೊಟ್ಟೆ ಇಟ್ಟಿವೆ. ನೀರಿನ ಮೇಲೆ ತೇಲುತ್ತಿವೆ. ಬೆಳಿಗ್ಗೆ ನೋಡಿದರೆ ಅರ್ಧ ಇಲ್ಲ!

ಡಾಕ್ಟರ್: ಅಪ್ಪ ಅಮ್ಮನೇ ತಿಂದಿರುತ್ತವೆ. ಉಳಿದವನ್ನು ಚಮಚದಲ್ಲಿ ನೀರಿನ ಸಮೇತ ಎತ್ತಿ ಬೇರೆ ಪಾತ್ರೆಗೆ ಹಾಕಿ. ನೀರು 24ರಿಂದ 26 ಡಿಗ್ರಿ ಇರಲಿ. ಬಿಳಿ ಬೂಸ್ಟು ಬಂದ ಮೊಟ್ಟೆ ತೆಗೆದುಹಾಕಿ. ಒಡೆದ ಮೇಲೆ ಒಂದೆರಡು ದಿನ ಮರಿಗಳು ಸುಮ್ನೆ ಅಂಟಿಕೊಂಡಿರುತ್ತವೆ. ಈಜಲು ಶುರುಮಾಡಿದ ಕೂಡಲೇ ಊಟ ಬೇಕು. ಮೊದಲು ಇನ್ಫುಸೋರಿಯಾ, ಅಂದರೆ ನೀರಿನ ಸೂಕ್ಷ್ಮಜೀವಿಗಳು. ಆಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ.

ಗುಂಡುಕಪ್ಪೆ: ಗೊದಮೊಟ್ಟೆಗೆ ಬೇಯಿಸಿದ ಸೊಪ್ಪು ಕೊಟ್ಟರೆ ಸಾಕು ಅಂತ ಒಂದು ಮೆಸೇಜ್ ಬಂದಿತ್ತು. ಎಲ್ಲರಿಗೂ ಅನುಕೂಲ ಆಗಲಿ ಅಂತ ಹಾಕಿದ್ದೇನೆ.

ಡಾಕ್ಟರ್: ದಯವಿಟ್ಟು ಅದನ್ನು ಅಳಿಸಿ. ಡ್ವಾರ್ಫ್ ಗೊದಮೊಟ್ಟೆ ಬೇಟೆಗಾರ. ಕಣ್ಣೆದುರು ಅಲ್ಲಾಡುವ ಸಣ್ಣ ಜೀವವನ್ನು ಹೀರಿ ನುಂಗುತ್ತದೆ. ಸೊಪ್ಪು ಕೊಟ್ಟರೆ ಅದು ಉಪವಾಸ ಸಾಯುತ್ತದೆ, ನೀರೂ ಕೊಳೆಯುತ್ತದೆ. ಕ್ಲಾಡ್ ಕಪ್ಪೆಯ ಗೊದಮೊಟ್ಟೆಯ ಕಥೆ ಬೇರೆ. ಅದು ನೀರನ್ನು ಸೋಸಿ ತಿನ್ನುತ್ತದೆ. ಅದಕ್ಕೆ ಸ್ಪಿರುಲಿನಾ ಎಂಬ ಪಾಚಿಯಂಥದರ ಪುಡಿ ಕದಡಿದ ನೀರು ಸಾಕಾಗುತ್ತದೆ. ಎರಡಕ್ಕೂ ಒಂದೇ ಮೆಸೇಜ್ ಹೊಂದುವುದಿಲ್ಲ.

ನೀಲಿನೀರು: ಮರಿಗಳನ್ನು ದೊಡ್ಡ ಟ್ಯಾಂಕಿಗೆ ಯಾವಾಗ ಬಿಡಬಹುದು ಮೇಡಂ? ಡ್ವಾರ್ಫ್.

ಡಾಕ್ಟರ್: ಕನಿಷ್ಠ ಎರಡೂವರೆ ಸೆಂಟಿಮೀಟರ್ ಆಗಲಿ. ದೊಡ್ಡ ಕಪ್ಪೆಯ ಬಾಯಿಗೆ ಹಿಡಿಸುವ ಗಾತ್ರ ಇರಬಾರದು. ಮರಿ ತಾನಾಗಿ ಬಂದು ಊಟ ಹಿಡಿಯುವಷ್ಟು ಚುರುಕಾಗಿರಬೇಕು. ಅಲ್ಲಿವರೆಗೆ ನೀರಿನ ಆಳ ಕಡಿಮೆ ಇರಲಿ, 10 ಸೆಂ.ಮೀ. ಸಾಕು. ಅವು ಉಸಿರಿಗೆ ಮೇಲೆ ಬರಬೇಕಲ್ವಾ.

ಎಲೆಬಳ್ಳಿ: ಡಾಕ್ಟ್ರೇ, ಸ್ವಲ್ಪ ನೋಡಿ. ಡ್ವಾರ್ಫ್ ಜೋಡಿ ಎರಡು ವರ್ಷದಿಂದ ಇದೆ. ಒಂದೂವರೆ ತಿಂಗಳ ಹಿಂದೆ ಇನ್ನೊಂದು ಗಂಡು ತಂದೆ. ನಮ್ಮ ಜೋಡಿಯ 14 ಮರಿಗಳನ್ನು ಬೇರೆ ಡಬ್ಬದಲ್ಲಿ ಬೆಳೆಸಿದೆ, ಒಂದೂ ಸಾಯಲಿಲ್ಲ. ಬಾಲ ಹೋಗಿ ಒಂದೂವರೆ ಸೆಂ.ಮೀ. ಆದಾಗ ದೊಡ್ಡವುಗಳ ಜೊತೆ ಬಿಟ್ಟೆ. 12 ದಿನ ಆಯ್ತು, ಈಗ 9 ಇವೆ. ಸತ್ತ 3 ಮರಿಗಳನ್ನು ತೆಗೆದೆ. ಸಾಯುವ ಮೊದಲು ಮೈಯಿಂದ ಬಿಳಿ ಚರ್ಮ ಚೂರುಚೂರಾಗಿ ಕಳಚುತ್ತಿತ್ತು. ಮೇಲೆಯೇ ತೇಲುತ್ತಿದ್ದವು. ದೊಡ್ಡವು ಮೂರೂ ಆರೋಗ್ಯವಾಗಿವೆ. ನೀರು 23 ಡಿಗ್ರಿ. ಎಲ್ಲಿ ತಪ್ಪಿದೆ ನಾನು?

ಡಾಕ್ಟರ್: ನಿಮ್ಮ ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. 14ರಲ್ಲಿ 9 ಉಳಿದರೆ 5 ಹೋಗಿವೆ. ನಿಮಗೆ ಸಿಕ್ಕಿದ್ದು 3. ಇನ್ನೆರಡು ಎಲ್ಲಿ? ಯಾರೋ ನುಂಗಿದ್ದಾರೆ. ಹಾಗಾಗಿ ಇಲ್ಲಿ ಎರಡು ತೊಂದರೆ ಒಟ್ಟಿಗೇ ಇರಬಹುದು.

ಮೊದಲು ಚರ್ಮದ ವಿಷಯ. ಕಪ್ಪೆ ಚರ್ಮ ಬಿಡುವುದು ಸಹಜ. ಸಾಮಾನ್ಯವಾಗಿ ಅಂಗಿ ಕಳಚಿದ ಹಾಗೆ ಬಿಟ್ಟು ತಾನೇ ತಿಂದುಬಿಡುತ್ತದೆ. ಚೂರುಚೂರಾಗಿ ಕಳಚಿ, ಊಟ ಬಿಟ್ಟು, ಮೇಲೆ ತೇಲಿದರೆ ನನಗೆ ಕೈಟ್ರಿಡ್ ಎಂಬ ಶಿಲೀಂಧ್ರದ ಭಯ. 1999ರಲ್ಲಿ ಇದಕ್ಕೆ ಹೆಸರಿಟ್ಟರು. ಆಮೇಲೆ ಜಗತ್ತಿನ ಎಷ್ಟೋ ಕಡೆ ಕಾಡುಕಪ್ಪೆಗಳ ಸಾವಿಗೆ ಇದೇ ಕಾರಣ ಅಂತ ಗೊತ್ತಾಯಿತು. ಚರ್ಮದ ಕೆರಟಿನ್ (ನಮ್ಮ ಉಗುರಿನಲ್ಲಿರುವ ಗಟ್ಟಿ ಪ್ರೋಟೀನ್) ಇರುವ ಪದರದಲ್ಲಿ ಇದು ಬೆಳೆಯುತ್ತದೆ. ಗೊದಮೊಟ್ಟೆಯ ಮೈಚರ್ಮದಲ್ಲಿ ಆ ಪದರ ಇರುವುದಿಲ್ಲ. ಕಾಲು ಬಂದು, ಬಾಲ ಕರಗಿ, ಚರ್ಮ ಬಲಿತ ಮೇಲೆ ಬರುತ್ತದೆ. ಅದಕ್ಕೇ ಗೊದಮೊಟ್ಟೆಯಾಗಿದ್ದಾಗ ಚೆನ್ನಾಗಿದ್ದ ಮರಿಗಳು ಕಪ್ಪೆಯಾದ ಮೇಲೆ ಒಂದೊಂದಾಗಿ ಹೋಗುತ್ತವೆ. ಕಪ್ಪೆ ಚರ್ಮದಿಂದಲೇ ನೀರು, ಲವಣ ಸರಿದೂಗಿಸುತ್ತದೆ. ಚರ್ಮ ಕೆಟ್ಟರೆ ಕೊನೆಗೆ ಹೃದಯ ನಿಲ್ಲುತ್ತದೆ. ದೊಡ್ಡವು ಆರೋಗ್ಯವಾಗಿ ಕಂಡರೂ ಈ ರೋಗ ಹೊತ್ತಿರಬಹುದು. ನಿಮ್ಮ 23 ಡಿಗ್ರಿ ಈ ಶಿಲೀಂಧ್ರಕ್ಕೆ ಬಹಳ ಹಿತ.

ಇನ್ನು ಆ ಹೊಸ ಗಂಡು. ಅದರ ಮುಂಗೈ ಫೋಟೋ ಹಾಕಿ. ಬೆರಳುಗಳ ಮಧ್ಯೆ ಪೊರೆ ಇದೆಯಾ? ಅದರ ಉದ್ದ ಎಷ್ಟು? ಉತ್ತರ ಬರುವವರೆಗೆ ಕಾಯಬೇಡಿ. ಈಗಲೇ 9 ಮರಿಗಳನ್ನು ಬೇರೆ ಪಾತ್ರೆಗೆ ಹಾಕಿ, ಆ ಗಂಡನ್ನು ಇನ್ನೊಂದಕ್ಕೆ. ಬಲೆ, ಪೈಪು ಯಾವುದನ್ನೂ ಹಂಚಿಕೊಳ್ಳಬೇಡಿ. ಮರಿಗಳ ಕೆಲಸ ಮುಗಿಸಿ ಆಮೇಲೆ ದೊಡ್ಡವನ್ನು ಮುಟ್ಟಿ.

ಜಲಗೆಳೆಯ: ಇಷ್ಟೆಲ್ಲ ಹೆದರಿಸುವ ಅಗತ್ಯ ಇಲ್ಲ. ಒಂದು ಚಮಚ ಕಲ್ಲುಪ್ಪು ಹಾಕಿ, ನೀರನ್ನು 32 ಡಿಗ್ರಿ ಮಾಡಿ. ಮೂರು ದಿನದಲ್ಲಿ ಸರಿ ಹೋಗುತ್ತದೆ. ನನಗೆ ನಂಬಿಕಸ್ಥರು ಕಳಿಸಿದ್ದು.

ಡಾಕ್ಟರ್: ಬೇಡ. ಒಂದೂವರೆ ಸೆಂ.ಮೀ. ಮರಿಗೆ, ಅದೂ ಚರ್ಮ ಕೆಟ್ಟಿರುವಾಗ, ಅಳತೆ ಇಲ್ಲದೆ ಉಪ್ಪು ಹಾಕಿದರೆ ಸಾಯಿಸಿದ ಹಾಗೆ. ದಿಢೀರನೆ 32 ಡಿಗ್ರಿಗೆ ಏರಿಸುವುದೂ ಅಷ್ಟೇ ಅಪಾಯ. ಮೀನಿಗೆ ಹಾಕುವ ತಾಮ್ರದ ಔಷಧಿ, ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಕೂಡ ಬೇಡ. ಕೈಟ್ರಿಡ್‌ಗೆ ಔಷಧಿ ಇದೆ, ಇಟ್ರಾಕೊನಜೋಲ್ ಸ್ನಾನ, ಅಂದರೆ ಆ ಔಷಧಿ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಡುವುದು. ಆದರೆ ಮರಿಗಳಿಗೆ ಅದೇ ವಿಷವಾಗಬಹುದು. ಪರೀಕ್ಷೆ ಆಗದೆ, ಡೋಸ್ ಲೆಕ್ಕ ಹಾಕದೆ ನಾನೇ ಕೊಡುವುದಿಲ್ಲ.

ಜಲಗೆಳೆಯ: ನನ್ನ ಟ್ಯಾಂಕಿನಲ್ಲಿ ಮರಿ, ದೊಡ್ಡವು ಎಲ್ಲ ಒಟ್ಟಿಗೇ ಇವೆ. ಏನೂ ಆಗಿಲ್ಲ.

ತಾವರೆಎಲೆ: ಎಷ್ಟು ಮರಿ ಹುಟ್ಟಿದ್ದವು? ಎಷ್ಟು ಉಳಿದವು?

ಜಲಗೆಳೆಯ: ಎಣಿಸಿಲ್ಲ. ಬಲವಾದವು ಉಳಿಯುತ್ತವೆ. ಕೊಳದಲ್ಲೂ ಹಾಗೇ ಅಲ್ವಾ?

ತಾವರೆಎಲೆ: ಕೊಳದಲ್ಲಿ ಓಡಿಹೋಗಲು ಜಾಗ ಇರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಎಣಿಸದೇ ಇದ್ದವರು ಏನೂ ಆಗಿಲ್ಲ ಅಂತ ಹೇಳಬಾರದು.

ಜಲಗೆಳೆಯ: ನೀವು ಎಷ್ಟು ವರ್ಷದಿಂದ ಸಾಕುತ್ತಿದ್ದೀರಿ ಹೇಳಿ ಮೊದಲು.

ಗುಂಡುಕಪ್ಪೆ: ನೂರಾರು ಮೊಟ್ಟೆ ಬರುತ್ತವೆ. ಎಲ್ಲವನ್ನೂ ಬೆಳೆಸಿ ಯಾರಿಗೆ ಕೊಡೋದು? ದೊಡ್ಡವು ಸ್ವಲ್ಪ ತಿಂದರೆ ತಪ್ಪೇನು?

ತಾವರೆಎಲೆ: ಬೇಡದಿದ್ದರೆ ಮೊಟ್ಟೆ ಇದ್ದಾಗಲೇ ತೆಗೆಯಿರಿ. ಕಾಲು ಬಂದ ಮರಿಯನ್ನು ತಿನ್ನಲು ಬಿಡುವುದು ಕ್ರೂರ.

ಡಾಕ್ಟರ್: ತಾವರೆಎಲೆ ಹೇಳಿದ್ದು ಸರಿ. ಹೆಚ್ಚಾದವನ್ನು ಕೆರೆಗೆ, ಹಳ್ಳಕ್ಕೆ ಮಾತ್ರ ಬಿಡಬೇಡಿ. ಕ್ಲಾಡ್ ಕಪ್ಪೆ ಚಿಲಿಯಲ್ಲಿ, ಫ್ರಾನ್ಸಿನಲ್ಲಿ ಹೀಗೇ ನೆಲೆ ಊರಿದೆ. ನಿಮ್ಮ ಜಗಳ ಬೇರೆ ಕಡೆ ಮುಂದುವರಿಸಿ. ಇಲ್ಲಿ ಮರಿಗಳು ಸಾಯುತ್ತಿವೆ.

ಮಳೆಹನಿ: ಮರಿಗಳನ್ನು ದೊಡ್ಡವುಗಳ ಜೊತೆ ಯಾವಾಗ ಬಿಡಬಹುದು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಪಾಚಿಮನೆ: ರಾತ್ರಿ ಗಂಡು ಗುಂಯ್ ಅಂತ ಹಾಡುತ್ತದೆ. ಇನ್ನೂ ಬೆಳೆಯದ ಹೆಣ್ಣುಮರಿಯ ಸೊಂಟ ಹಿಡಿದು ಗಂಟೆಗಟ್ಟಲೆ ಬಿಡುವುದಿಲ್ಲ. ತೊಂದರೆ ಇದೆಯಾ?

ಡಾಕ್ಟರ್: ಇದೆ. ಹಿಡಿತದಲ್ಲಿ ಸಿಕ್ಕ ಸಣ್ಣದಕ್ಕೆ ಉಸಿರಿಗೆ ಮೇಲೆ ಬರಲು ಕಷ್ಟ, ಮುಳುಗಿ ಸಾಯಬಹುದು. ಮೊಟ್ಟೆ ಇಡುವ ಜೋಡಿ ಇರುವ ಟ್ಯಾಂಕಿನಲ್ಲಿ ಮರಿ ಇಡಬಾರದು ಅನ್ನಲು ಇದೂ ಒಂದು ಕಾರಣ. ಇವತ್ತೇ ಬೇರೆ ಮಾಡಿ.

ಹೊಂಗೆ: ನನ್ನ ಪುಟ್ಟ ಮಗಳು ಟ್ಯಾಂಕಿಗೆ ಕೈ ಹಾಕುತ್ತಾಳೆ.

ಡಾಕ್ಟರ್: ಹಾಕಲು ಬಿಡಬೇಡಿ. ಅಮೆರಿಕದಲ್ಲಿ 2009ರಿಂದ 2011ರ ನಡುವೆ ಇದೇ ಡ್ವಾರ್ಫ್ ಕಪ್ಪೆಗಳಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಿ 200ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಹೆಚ್ಚಿನವರು ಚಿಕ್ಕ ಮಕ್ಕಳು. ಸೋಪು ಹಾಕಿ ಕೈ ತೊಳೆಸಿ. ಟ್ಯಾಂಕಿನ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ನೀಲಿನೀರು: ಬಿಳಿ ಬಣ್ಣದ ಕಪ್ಪೆಗೆ ಲೈಟ್ ಕಡಿಮೆ ಇಡಬೇಕಾ?

ಎಲೆಬಳ್ಳಿ: ಬೇರೆ ಮಾಡಿದೆ ಡಾಕ್ಟ್ರೇ. ಫೋಟೋ ಹಾಕಿದ್ದೇನೆ. ಮುಂಗೈ ಬೆರಳುಗಳ ಮಧ್ಯೆ ಪೊರೆ ಇಲ್ಲ. ಉದ್ದ 6 ಸೆಂ.ಮೀ. ತಂದಾಗ ನಾಲ್ಕು ಸೆಂ.ಮೀ. ಕೂಡ ಇರಲಿಲ್ಲ. ಡ್ವಾರ್ಫ್ ಅಂತಲೇ ಹೇಳಿ ಕೊಟ್ಟಿದ್ದರು.

ಡಾಕ್ಟರ್: ನಾನು ಹೆದರಿದ್ದೇ ಆಯಿತು. ಅದು ಕ್ಲಾಡ್ ಕಪ್ಪೆ. ಡ್ವಾರ್ಫ್‌ಗೆ ನಾಲ್ಕೂ ಪಾದಗಳಲ್ಲಿ ಪೊರೆ ಇರುತ್ತದೆ, ಕ್ಲಾಡ್‌ಗೆ ಹಿಂಗಾಲಲ್ಲಿ ಮಾತ್ರ. ಹೆಣ್ಣಾಗಿದ್ದರೆ 10 ಸೆಂ.ಮೀ. ದಾಟಿ ಬೆಳೆಯುತ್ತದೆ. ಬಾಯಿಗೆ ಹಿಡಿಸಿದ್ದನ್ನೆಲ್ಲ ಕೈಯಿಂದ ತುರುಕಿಕೊಳ್ಳುತ್ತದೆ. ಕಾಣೆಯಾದ ಎರಡು ಮರಿ ಬಹುಶಃ ಅದರ ಹೊಟ್ಟೆಯಲ್ಲಿ. ಇವು ಕೈಟ್ರಿಡ್ ಹೊತ್ತೂ ಆರಾಮಾಗಿ ಓಡಾಡಬಲ್ಲವು. ಇನ್ನು ಅದನ್ನು ಡ್ವಾರ್ಫ್‌ಗಳ ಜೊತೆ ಎಂದೂ ಇಡಬೇಡಿ. ಅದಕ್ಕೆ ಬೇಕಾದ ನೀರೂ ತಂಪು, 18ರಿಂದ 22 ಡಿಗ್ರಿ.

ಹೊಸ ಕಪ್ಪೆ ತಂದರೆ ಕನಿಷ್ಠ 60 ದಿನ ಪ್ರತ್ಯೇಕ ಇಡಬೇಕಿತ್ತು. ನೀವು ಬೇಜಾರಾಗುವಿರಿ ಅಂತ ನಾನು ಇದನ್ನು ಹೇಳದೆ ಬಿಡಲಾರೆ. ಈಗ ಇನ್ನೊಂದು ಮರಿ ಸತ್ತರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದರೆ ಚರ್ಮ ಪರೀಕ್ಷೆಗೆ ಬರುವುದಿಲ್ಲ. ತೆಗೆದ ನೀರಿಗೆ ಬ್ಲೀಚ್ ಬೆರೆಸಿಟ್ಟು ಆಮೇಲೆ ಚೆಲ್ಲಿ. ಹಳೆಯ ಬಲೆಯನ್ನು ಪೂರ್ತಿ ಒಣಗಿಸಿ.

ಜಲಗೆಳೆಯ: ಉಪ್ಪು ಹಾಕಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಡಾಕ್ಟರ್: ಉಪ್ಪಿನ ಮಾತು ಇನ್ನೊಮ್ಮೆ ಬಂದರೆ ನಾನು ಉತ್ತರ ಬರೆಯುವುದನ್ನು ನಿಲ್ಲಿಸುತ್ತೇನೆ.

ಮಳೆಹನಿ: ಮೇಲೆ ಅಂದರೆ ಎಲ್ಲಿ ಮೇಡಂ? ಸಿಗುತ್ತಿಲ್ಲ.

ಎಲೆಬಳ್ಳಿ: ಒಂಬತ್ತೂ ಉಸಿರಿಗೆ ಮೇಲೆ ಬಂದು ಹೋಗುತ್ತಿವೆ. ಆರ್ಟೀಮಿಯಾ ಹಾಕಿದೆ, ಏಳು ತಿಂದವು. ಎರಡು ಮೂಲೆಯಲ್ಲಿ ಸುಮ್ನೆ ಕೂತಿವೆ.

ಡಾಕ್ಟರ್: ಆ ಎರಡನ್ನು ಬೇರೆ ಡಬ್ಬಕ್ಕೆ ಹಾಕಿ, ನೀರು ಒಂದು ಬೆರಳಿನಷ್ಟೇ ಇರಲಿ. ಬೆಳಿಗ್ಗೆ ಎಲ್ಲವನ್ನೂ ತನ್ನಿ, ಹತ್ತಿಕಡ್ಡಿಯಿಂದ ಚರ್ಮ ಒರೆಸಿ ಪರೀಕ್ಷೆಗೆ ಸ್ವಾಬ್ ತೆಗೆಯೋಣ. ಕ್ಲಾಡ್ ಕಪ್ಪೆಯನ್ನೂ ತನ್ನಿ, ಬೇರೆ ಪಾತ್ರೆಯಲ್ಲಿ.