ಜೋತುಬಿದ್ದ ಲಂಗದ ಅಂಚಿಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನಮ್ಮ ಗುಂಪಲ್ಲಿ ನೀನು ಹಾಕಿದ ಮೆಸೇಜು ಈಗ ನೋಡಿದೆ ಕಣೆ. ಹಳೇ ಕಾಲದ ಥರ ಪೂರ್ತಿ ದುಂಡನೆ ಲಂಗ ಹೊಲಿದು, ನೀನೇ ಹೆಣೆದ ಕ್ರೋಶಾ ಲೇಸು ಹಚ್ಚಿ, ಎರಡೇ ದಿನಕ್ಕೆ ಅಂಚು ನಾಲ್ಕು ಕಡೆ ಜೋತುಬಿದ್ದಿದೆ, ಲೇಸು ಒಳಕ್ಕೆ ಮುದುರಿಕೊಂಡಿದೆ, ಶನಿವಾರ ಹಾಕ್ಕೋಬೇಕು, ಕತ್ತರಿಸಿದ್ದೇ ತಪ್ಪಾಯ್ತಾ ಅಂತ ಕೇಳಿದ್ದೀಯ. ತಪ್ಪಾಗಿಲ್ಲ. ಮೊದಲು ಆ ಕತ್ತರಿ ಕೆಳಗಿಡು.

ಒಂದೇ ಪಕ್ಕ ಇಳಿದಿದ್ರೆ ಸೊಂಟಪಟ್ಟಿ ಓರೆಯಾಗಿ ಕೂತಿದೆ ಅಂತ ಅರ್ಥ. ನಿಂದು ಹಾಗಲ್ಲ. ಪಕ್ಕದ ಹೊಲಿಗೆಗೂ ಮುಂಭಾಗದ ನಡುವಿಗೂ ಮಧ್ಯೆ ಎರಡು, ಹಿಂದೆ ಅದೇ ಥರ ಎರಡು, ನಾಲ್ಕೂ ಸಮವಾಗಿ ಇಳಿದಿವೆ. ಅದು ಕ್ರಾಸಿನ ಕೆಲಸ, ಅಂದರೆ ಬಟ್ಟೆ ಎಳೆಗೆ ಓರೆಯಾಗಿ ನಿಲ್ಲೋದರ ಕೆಲಸ. ದುಂಡಗೆ ಕತ್ತರಿಸಿದಾಗ ಒಂದು ಕಡೆ ಉದ್ದ ಎಳೆ ಬರುತ್ತೆ, ಇನ್ನೊಂದು ಕಡೆ ಅಡ್ಡ ಎಳೆ, ಇವೆರಡರ ನಡುವೆ ನಾಲ್ಕು ಕಡೆ ಬಟ್ಟೆ ಕ್ರಾಸಲ್ಲಿ ನಿಲ್ಲುತ್ತೆ. ಎಳೆ ನೇರ ಇರೋ ಕಡೆ ಜಗ್ಗಲ್ಲ, ಕ್ರಾಸ್ ಇರೋ ಕಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಇಳಿಯೋದನ್ನ ಯಾರೂ ತಡೆಯೋಕಾಗಲ್ಲ, ಮೊದಲೇ ಇಳಿಸಿಬಿಡಬೇಕು. ಅದಕ್ಕೇ ಹೇಳೋದು, ದುಂಡನೆ ಲಂಗವನ್ನ ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ ನೇತುಹಾಕದೆ ಅಂಚು ಮಡಚಬಾರದು.

ಅಕ್ಕನ ಮಗಳ ಹಸಿರು ಲಂಗ ನಿಮಗೆಲ್ಲ ನೆನಪಿದೆಯಲ್ಲ? ಹೊಲಿಯೋಕೆ ತಗೊಂಡವರಿಗೆ ನಾನು ಬಾಯಿಬಿಟ್ಟು ಹೇಳಿದ್ದೆ, ಸೊಂಟಪಟ್ಟಿ ಹಚ್ಚಿ ಒಂದು ದಿನ ತೂಗುಹಾಕಿ, ಆಮೇಲೆ ಅಂಚು ನೋಡಿ ಅಂತ. "ಅದೆಲ್ಲ ಬೇಕಾಗಲ್ಲಮ್ಮ" ಅಂದು ಬೆಳಿಗ್ಗೆ ಕತ್ತರಿಸಿ ಸಾಯಂಕಾಲ ಲೇಸು ಸಮೇತ ಮುಗಿಸಿ ಕೊಟ್ಟರು. ಒಂದೇ ವಾರಕ್ಕೆ ನಾಲ್ಕು ಕಡೆ ಇಳಿಬಿತ್ತು. ವಾಪಸ್ ಕೊಟ್ಟಾಗ ಏನು ಮಾಡಿದರು ಗೊತ್ತಾ, ಮೇಜಿನ ಮೇಲೆ ಹರಡಿ ಸುತ್ತ ಕತ್ತರಿ ಆಡಿಸಿದರು. ಹರಡಿ ಇಟ್ಟಾಗ ಕ್ರಾಸಿಗೆ ಭಾರ ಇರಲ್ಲ, ಬಟ್ಟೆ ಮತ್ತೆ ದುಂಡಗೇ ಕೂತ್ಕೊಳುತ್ತೆ, ಇಳಿದಿರೋದು ಕಣ್ಣಿಗೆ ಬೀಳಲ್ಲ. ಅವರು ಸುತ್ತ ಒಂದೇ ಸಮ ತೆಗೆದರು, ಉಟ್ಟು ನಿಂತರೆ ಜೋಲು ಹಾಗೇ ಇದೆ, ಉದ್ದ ಮಾತ್ರ ಕಮ್ಮಿ. ಎರಡನೇ ಸಲವೂ ಅದೇ ಕಥೆ. ಮೊಣಕಾಲ ಕೆಳಗೆ ಇಳೀಬೇಕಾದ ಲಂಗ ಮೊಣಕಾಲ ಮೇಲಕ್ಕೆ ಹೋಯ್ತು. ಇಷ್ಟು ಬಟ್ಟೆ, ಇಷ್ಟು ಲೇಸು, ಮಗು ಒಂದು ದಿನವೂ ಖುಷಿಯಾಗಿ ಹಾಕಲಿಲ್ಲ. ನಿಂಗೆ ಹಾಗಾಗಬಾರದು ಅಂತಲೇ ಹೇಳ್ತಿದ್ದೀನಿ. ನೇತುಹಾಕದೆ ಅಂಚು ಮುಟ್ಟಬೇಡ ಪುಟ್ಟಿ, ಮೇಜಿನ ಮೇಲೆ ಹರಡಿಯಂತೂ ಕತ್ತರಿಸಲೇಬೇಡ.

ಇನ್ನು ಲೇಸು. ಸೊಂಟ 28 ಇಂಚು, ಉದ್ದ 26 ಇಂಚು ಅಂತ ಬರೆದಿದ್ದೀಯ. 28ನ್ನ 6.28ರಿಂದ, ಅಂದರೆ ಎರಡು ಪೈಯಿಂದ, ಭಾಗಿಸಿದರೆ ಸೊಂಟದ ಸುತ್ತಿನ ತ್ರಿಜ್ಯ ಸುಮಾರು ನಾಲ್ಕೂವರೆ ಇಂಚು, ಅದಕ್ಕೆ 26 ಸೇರಿಸಿದರೆ ಮೂವತ್ತೂವರೆ. ಅದನ್ನ ಮತ್ತೆ 6.28ರಿಂದ ಗುಣಿಸಿದರೆ ಅಂಚಿನ ಸುತ್ತಳತೆ ಸುಮಾರು 192 ಇಂಚು ಬರುತ್ತೆ. ನೀನೂ ಲೆಕ್ಕ ಹಾಕಿ ಸರಿಯಾಗಿ 192 ಇಂಚೇ ಹೆಣೆದಿದ್ದೀಯ. ಆದರೆ ಲೇಸು ಎರಡು ಇಂಚು ಅಗಲ ಅಲ್ವಾ, ಅದರ ಕೆಳ ಅಂಚು ಓಡಾಡೋದು ಇನ್ನೂ ದೊಡ್ಡ ಸುತ್ತಲ್ಲಿ, 204 ಇಂಚಿನ ಸುತ್ತಲ್ಲಿ. ಆ ಹನ್ನೆರಡು ಇಂಚು ಸಿಗದೇ ಇದ್ದದ್ದಕ್ಕೇ ಅದು ಒಳಕ್ಕೆ ಮುದುರಿರೋದು. ಹದಿನೈದು ಇಂಚು ಅಂಚಿಗೆ ಹದಿನಾರು ಇಂಚು ಲೇಸು, ಮೇಲಿನ ಕಡೆ ಸ್ವಲ್ಪ ಸ್ವಲ್ಪ ಸೇರಿಸ್ಕೊಂಡು ಹೊಲಿಬೇಕು. ನೆರಿಗೆ ಕಾಣಬಾರದು. ನಿನ್ನದು ಅಗಲಕ್ಕೆ ಅಡ್ಡಡ್ಡ ಸಣ್ಣ ಸಾಲಾಗಿ ಹೆಣೆದ ಲೇಸು, ಪುಣ್ಯ, ಕೊನೆ ಬಿಚ್ಚಿ ಅಲ್ಲಿಂದಲೇ ಮುಂದುವರಿಸಬಹುದು. ಲೇಸಿನ ಉದ್ದಕ್ಕೂ ಕುಣಿಕೆಗಳ ಸರಪಳಿ ಹಾಕಿ ಮೇಲಿಂದ ಹೆಣೆದಿದ್ರೆ ಬೇರೆ ತುಂಡು ಮಾಡಿ ಪಕ್ಕದ ಹೊಲಿಗೆಯ ಹತ್ತಿರ ಸೇರಿಸಬೇಕಿತ್ತು.

ಈ ಲೇಸಿನ ವಿಷಯ ಬಂದರೆ ನನಗೆ ಸಂಕಟ ಆಗುತ್ತೆ, ಹೇಳಿಯೇಬಿಡ್ತೀನಿ, ಗುಂಪಲ್ಲಿ ಎಲ್ಲರೂ ಕೇಳಿಸ್ಕೊಳ್ಳಿ. ಐದು ಮೀಟರ್ ಕ್ರೋಶಾ ಅಂದರೆ ಒಂದೊಂದು ಕುಣಿಕೆಯೂ ಕಡ್ಡಿಯಿಂದ ಕೈಯಲ್ಲೇ ಎಳೆದದ್ದು. ಅದನ್ನ "ವಾರದೊಳಗೆ ಒಂದು ಮಾಡಿಕೊಡಿ" ಅಂತ ಕೇಳ್ತೀರಿ. ಕೊಟ್ಟರೆ ಬಿಸಿನೀರಲ್ಲಿ, ಮೆಷಿನ್ನಲ್ಲಿ, ಜೀನ್ಸ್ ಜೊತೆ ಹಾಕ್ತೀರಿ. ಝಿಪ್ಪಿಗೆ ಸಿಕ್ಕಿ ಒಂದು ಎಳೆ ಹರಿದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತೆ. ಆಮೇಲೆ "ಗಟ್ಟಿ ಇರಲಿಲ್ಲ" ಅಂತ ನನಗೇ ಹೇಳಿದ್ದೀರಿ. ಮೆಷಿನ್ ಲೇಸನ್ನ ಕೈಯಲ್ಲಿ ಮಾಡಿದ್ದು ಅಂತ ಕೊಂಡು ತಂದು, ಇದೇ ಅಗ್ಗ ಅಲ್ವಾ ಅಂತ ಹೆಣೆಯೋರ ಎದುರಿಗೇ ಹಿಡಿದಿದ್ದೀರಿ. ಈ ಮಗು ಫೋಟೊ ಹಾಕಿದಾಗ ಎಲ್ಲರೂ ಹೂವಿನ ಚಿತ್ರ ಕಳಿಸಿದಿರಿ. ಹೊಲಿಗೆ ಬಲ್ಲವರು ಇಲ್ಲಿ ನಾಲ್ಕು ಜನ ಇದ್ದೀರಿ, ನೇತುಹಾಕಿದ್ಯಾ ಅಂತ ಒಬ್ಬರೂ ಕೇಳಲಿಲ್ಲ. ಹೊಗಳಿಕೆ ಇರಲಿ, ಕಲೀತಿರೋ ಮಗೂಗೆ ಒಂದು ಮಾತು ಹೇಳಿಕೊಡೋದು ಯಾವಾಗ?

ಅಯ್ಯೋ, ಶನಿವಾರಕ್ಕೆ ಏನು ಮಾಡಬೇಕು ಅನ್ನೋದೇ ಉಳಿದುಹೋಯ್ತು. ಇವತ್ತು ಬುಧವಾರ, ಸಮಯ ಇದೆ. ಈಗಲೇ ಲೇಸು ಬಿಚ್ಚು, ಅಂಚಿನ ಮಡಿಕೆಯನ್ನೂ ಬಿಚ್ಚು. ಲೇಸನ್ನ ಎಳೀಬೇಡ, ಹೊಲಿಗೆ ದಾರ ಮಾತ್ರ ಕತ್ತರಿಸು. ಕಮ್ಮಿ ಇರೋ ಹನ್ನೆರಡು ಇಂಚು ಹೆಣೆದು ಸೇರಿಸು. ಆಮೇಲೆ ಇಡೀ ಲೇಸನ್ನ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲ್ಲಲ್ಲಿ ಸುತ್ತಿ ಒತ್ತು. ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ಚಪ್ಪಟೆ ಹಾಸಿ ಒಣಗಿಸು. ಹತ್ತಿ ನೂಲು ಕುಗ್ಗೋದಿದ್ರೆ ಈಗಲೇ ಕುಗ್ಗಲಿ.

ಲಂಗವನ್ನ ಇವತ್ತೇ ನೇತುಹಾಕು. ಎರಡು ಕ್ಲಿಪ್ಪಲ್ಲಿ ಅಲ್ಲ, ಸೊಂಟಪಟ್ಟಿ ಉದ್ದಕ್ಕೂ ಆರೇಳು ಕ್ಲಿಪ್ ಹಾಕು, ಇಲ್ಲದಿದ್ರೆ ಕ್ಲಿಪ್ ಇದ್ದ ಕಡೆಯಿಂದ ಬೇರೆ ಥರ ಜಗ್ಗುತ್ತೆ. ನಿನ್ನದು ಹತ್ತಿ, ಶುಕ್ರವಾರ ಬೆಳಿಗ್ಗೆವರೆಗೆ ಸಾಕು. ರೇಯಾನೋ ಕ್ರೇಪೋ ಆಗಿದ್ರೆ ಎರಡು ಮೂರು ದಿನ ಬೇಕಿತ್ತು.

ಶುಕ್ರವಾರ ಉಟ್ಟುಕೊಂಡು ನಿಲ್ಲು. ಶನಿವಾರ ಹಾಕ್ಕೊಳೋ ಚಪ್ಪಲಿ, ಒಳಗಿನ ಪೆಟಿಕೋಟ್ ಎರಡೂ ಇರಬೇಕು. 1947ರಲ್ಲಿ ಪ್ಯಾರಿಸ್ಸಲ್ಲಿ ವಸ್ತ್ರ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ತೋರಿಸಿದ ಅಗಲ ಲಂಗದಿಂದ ಹಿಡಿದು 50ರ ದಶಕದ ಲಂಗಗಳವರೆಗೆ ಆ ಆಕಾರ ನಿಲ್ತಿದ್ದದ್ದೇ ಒಳಗಿನ ಗಟ್ಟಿ ಬಟ್ಟೆಯಿಂದ. ಪೆಟಿಕೋಟ್ ಹಾಕಿದರೆ ಅಂಚು ಮೇಲೇಳುತ್ತೆ, ಅದಿಲ್ಲದೆ ತೆಗೆದ ಅಳತೆ ಉಪಯೋಗಕ್ಕೆ ಬರಲ್ಲ. ನೀನು ಅಲ್ಲಾಡಬೇಡ, ಬಗ್ಗಿ ನೋಡಬೇಡ, ಅಮ್ಮ ಸುತ್ತ ಬರಲಿ. ಸ್ಕೇಲು ನೆಲಕ್ಕೆ ನೆಟ್ಟಗೆ ನಿಲ್ಲಿಸಿ, ನೆಲದಿಂದ ಒಂದೇ ಎತ್ತರಕ್ಕೆ ಮೂರು ಮೂರು ಇಂಚಿಗೊಂದು ಗುಂಡುಸೂಜಿ. ಅಳತೆ ನೆಲದಿಂದ ಮೇಲಕ್ಕೆ, ಸೊಂಟದಿಂದ ಕೆಳಕ್ಕಲ್ಲ. ಲೇಸಿನ ಎರಡು ಇಂಚು ಕೆಳಗೆ ಬರುತ್ತೆ ಅನ್ನೋದು ಲೆಕ್ಕದಲ್ಲಿರಲಿ.

ಲಂಗ ಕಳಚಿ, ಸೂಜಿ ಗೆರೆಯಿಂದ ಅರ್ಧ ಇಂಚು ಕೆಳಗೆ ಕತ್ತರಿಸು. ಕತ್ತರಿಸಿದ ಅಂಚಿಂದ ಕಾಲು ಇಂಚು ಒಳಗೆ ಒಂದು ಸುತ್ತು ಹೊಲಿಗೆ ಹಾಕು, ಆ ಗೆರೆಗೆ ಮಡಚಿ ಇಸ್ತ್ರಿ ಮಾಡು, ಇನ್ನೊಂದು ಕಾಲು ಇಂಚು ಮಡಚಿ ಹೊಲಿ. ಚೆಂದ ಕಾಣಲಿ ಅಂತ ಅಗಲ ಮಡಿಕೆ ಬೇಡ. ಒಂದು ಇಂಚು ಮಡಚಿದರೆ ಕೆಳ ಅಂಚು ಕೂರಬೇಕಾದ ಜಾಗಕ್ಕಿಂತ ಹನ್ನೆರಡು ಇಂಚಿನಷ್ಟು ಜಾಸ್ತಿ ಆಗಿ, ಉದ್ದಕ್ಕೂ ಚುಕ್ಕಿಚುಕ್ಕಿ ಸುಕ್ಕು ನಿಲ್ಲುತ್ತೆ. ಇಸ್ತ್ರಿ ಪೆಟ್ಟಿಗೆ ಒತ್ತಿ ಎತ್ತು, ಉಜ್ಜಬೇಡ, ಉಜ್ಜಿದರೆ ಕ್ರಾಸ್ ಮತ್ತೆ ಜಗ್ಗುತ್ತೆ.

ಲೇಸು ಕೊನೆಗೆ. ಅಂಚನ್ನೂ ಲೇಸನ್ನೂ ಎಂಟೆಂಟು ಭಾಗ ಮಾಡಿ ಗುರುತು ಹಾಕು, ಗುರುತಿಗೆ ಗುರುತು ಸೇರಿಸಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಕೈಯಲ್ಲೇ ಸಣ್ಣ ಹೊಲಿಗೆ. ಶುಕ್ರವಾರ ರಾತ್ರಿಯೊಳಗೆ ಆಗದಿದ್ರೆ ಲೇಸಿಲ್ಲದೇ ಹಾಕ್ಕೊ, ಮುಂದಿನ ವಾರ ಹಚ್ಚೋಣ. ಗುಂಡುಸೂಜಿ ಚುಚ್ಚಿ ಆದಮೇಲೆ, ಕತ್ತರಿಸೋಕೆ ಮುಂಚೆ, ಮುಂದಿಂದ ಒಂದು ಪಕ್ಕದಿಂದ ಒಂದು ಫೋಟೊ ನನಗೆ ಕಳಿಸು. ಸೊಂಟಪಟ್ಟಿಯೂ ನೆಲವೂ ಎರಡೂ ಕಾಣೋ ಹಾಗಿರಲಿ.