ತೊಲೆ ಬಾಗಿದೆ: ಕೆತ್ತಿಸಬೇಕೇ, ಹಾಗೆಯೇ ಏರಿಸಬೇಕೇ?

ಪ್ರಶ್ನೆ, ಕುಷ್ಟಗಿಯಿಂದ: ಹಿರಿಯರ ಕಾಲದ ಮಣ್ಣಿನ ಮಾಳಿಗೆ ಮನೆಯ ಪಡಸಾಲೆಗೆ ಹೊಸ ತೊಲೆ ಹಾಕಿಸುತ್ತಿದ್ದೇವೆ. ತಂದ ಸಾಗವಾನಿ ತೊಲೆಗಳಲ್ಲಿ ಕೆಲವು ಬಾಗಿವೆ. ಉಬ್ಬನ್ನು ಕೆತ್ತಿ ಮಟ್ಟ ಮಾಡೋಣ ಎಂದು ಗೌಂಡಿ ಹೇಳುತ್ತಾರೆ. ತಿಳಿದವರು ಹೇಳಿ.

ಕೊಪ್ಪಳದ ಬಡಿಗರೊಬ್ಬರು: ಅಣ್ಣಾ, ದಯವಿಟ್ಟು ಕೆತ್ತಿಸಬೇಡಿ. ಹತ್ತು ಇಂಚು ಎತ್ತರದ ತೊಲೆಯಲ್ಲಿ ಒಂದೇ ಇಂಚು ತೆಗೆದರೂ ಬಾಗದೆ ನಿಲ್ಲುವ ಅದರ ಬಿಗುವಿನಲ್ಲಿ ಕಾಲು ಪಾಲಿಗಿಂತ ಹೆಚ್ಚು ಹೋಗುತ್ತದೆ. ಮಾಳಿಗೆಯ ಮಣ್ಣು ಹಗಲಿರುಳೂ ಇಳಿಯದ ಭಾರ. ಮಳೆಗೆ ನೆನೆದರೆ ಇನ್ನೂ ತೂಕ. ಉಬ್ಬಿದ ಬೆನ್ನನ್ನು ಮೇಲಕ್ಕೆ ಮಾಡಿ ಇಡಿ. ಭಾರ ಬಿದ್ದಂತೆ ಅದು ಮಟ್ಟದ ಕಡೆಗೆ ಇಳಿಯುತ್ತದೆ. ಕೆಳಗೆ ಮಾಡಿ ಇಟ್ಟರೆ ಮೊದಲೇ ಜೋತ ತೊಲೆ ವರ್ಷ ವರ್ಷವೂ ಜೋಲುತ್ತಲೇ ಹೋಗುತ್ತದೆ.

ಬೆನ್ನು ಎಷ್ಟಿದೆ ಎಂದು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ಒಂದೇ ದಪ್ಪದ ಮೂರು ಕಟ್ಟಿಗೆ ಚೂರು ತೆಗೆದುಕೊಳ್ಳಿ. ಎರಡನ್ನು ತೊಲೆಯ ಎರಡು ತುದಿಗೆ ಇಟ್ಟು, ಅವುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ಮೂರನೆಯದನ್ನು ದಾರದ ಕೆಳಗೆ ಸರಿಸುತ್ತಾ ಹೋಗಿ. ಎಲ್ಲಿ ಅದು ದಾರವನ್ನು ಮೇಲಕ್ಕೆತ್ತುತ್ತದೆಯೋ ಅಲ್ಲಿ ಬೆನ್ನಿದೆ. ಎಲ್ಲಿ ಸಂದು ಕಾಣುತ್ತದೆಯೋ ಅಲ್ಲಿ ತಗ್ಗು. ಜೋಡಣೆಯ ಗುರುತುಗಳನ್ನೂ ಈ ದಾರದಿಂದಲೇ ಅಳೆದು ಹಾಕಿ, ಡೊಂಕು ಮೈಯಿಂದಲ್ಲ. ಹತ್ತು ಅಡಿಗೆ ಅರ್ಧ ಇಂಚಿನವರೆಗೆ ಬೆನ್ನಿದ್ದರೆ ನಾನು ಹಿಂದೆಮುಂದೆ ನೋಡದೆ ಏರಿಸುತ್ತೇನೆ. ಹೆಚ್ಚು ಬೆನ್ನಿನವು ಒಂದರ ಪಕ್ಕ ಒಂದು ಬರಲಿ. ನಡುವೆ ನೇರವಾದದ್ದು ಬಂದರೆ ತೊಲೆಗಳ ಮೇಲೆ ಅಡ್ಡಲಾಗಿ ಹಾಕುವ ಜಂತಿಗಳು ಅದರ ಮೇಲೆ ಕೂರುವುದಿಲ್ಲ, ಬೆಣೆ ಹೊಡೆಯುತ್ತಾ ಕೂರಬೇಕಾಗುತ್ತದೆ.

ಸಿರುಗುಪ್ಪದಿಂದ ಒಬ್ಬರು: ಬಾಗಿದ್ದಕ್ಕೆ ಹೆದರಬೇಡಿ ಸರ್, ತಿರುಚಿದ್ದಕ್ಕೆ ಹೆದರಿ. ಎರಡು ತುದಿಗೂ ಒಂದೊಂದು ನೇರ ಪಟ್ಟಿಯನ್ನು ಅಡ್ಡಲಾಗಿಟ್ಟು ಒಂದು ಕಡೆಯಿಂದ ಬಗ್ಗಿ ನೋಡಿ. ಪಟ್ಟಿಗಳ ಮೇಲಂಚು ಒಂದಕ್ಕೊಂದು ಓರೆಯಾಗಿ ಕಂಡರೆ ಆ ತೊಲೆ ಬೋದಿಗೆಯ (ಕಂಬದ ತಲೆಯ ಮೇಲೆ ತೊಲೆ ಹೊರುವ ಮರದ ತುಂಡು) ಮೇಲೆ ಸರಿಯಾಗಿ ಕೂರುವುದಿಲ್ಲ. ಅಂಥದ್ದನ್ನು ವಾಪಸು ಮಾಡಿ. ತೆಗೆದುಕೊಳ್ಳದಿದ್ದರೆ ತುಂಡರಿಸಿ ಬೋದಿಗೆಗೆ ಬಳಸಿ.

ಲಿಂಗಸುಗೂರಿನಿಂದ ಒಬ್ಬರು: ಇನ್ನೂ ಏರಿಸದ ತೊಲೆಗಳನ್ನು ಅಂಗಳದ ಬಿಸಿಲಿನಲ್ಲಿ ಬಿಟ್ಟಿದ್ದರೆ ಇವತ್ತೇ ನೆರಳಿಗೆ ಸಾಗಿಸಿ ಅಣ್ಣಾ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಸಿ ಮರದ ಬಿಸಿಲು ತಾಗಿದ ಮಗ್ಗುಲು ಬೇಗ ಒಣಗಿ ಕುಗ್ಗುತ್ತದೆ, ತೊಲೆ ಆ ಕಡೆಗೇ ಬಾಗುತ್ತದೆ. ತೊಲೆಗಳನ್ನು ಸಾಲು ಸಾಲಾಗಿ ಒಂದರ ಮೇಲೊಂದು ಪೇರಿಸಿ, ಸಾಲುಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು, ಮೇಲೆ ಕಲ್ಲು ಹೇರಿ, ತುದಿಗಳಿಗೆ ಬಣ್ಣ ಬಳಿಯಿರಿ, ಸೀಳುವುದು ಕಡಿಮೆಯಾಗುತ್ತದೆ.